ಅಸಲಿಗಿ ಜಮಾ

ಐದನೇ ತಾರೀಖು, ನಸಿಕಿನ್ಯಾಗ,
ಕುಕ್ಕರ ಮೊದಲ ಸೀಟಿ ಹೊಡಿಯೂದ್ರಾಗ
ಫೋನು ಒಮ್ಮೆ ಟಿಣ್ಣ ಅಂತದ:
ಹನ್ನೊಂದು ಸಾವಿರದ ನಾನೂರಾ ಹದಿನೆಂಟು
ನನ್ನ ಪಗಾರದಾಗಿಂದ ಎದ್ದು ಹೋಯ್ತು.
ಚಪ್ಪಲಿ ಸಪ್ಪಳಾನೂ ಇಲ್ಲ.

ನೂರಾ ಎಂಟು ಕಿಸ್ತು ಮುಗದ್ವು.
ಜಪಮಾಲಿ ಒಂದು ಸುತ್ತಾಯ್ತು ನೋಡು, ಅಂತಾನ ಘಾಳೆಪ್ಪ.
ಉಳದ ನೂರಾ ಮೂವತ್ತೆರಡಕ್ಕ ಯಾವ ದೇವರೋ.

ನೌಬಾದಿನ ಮೂವತ್ತು ನಲವತ್ತರ ಜಾಗಾ.
ಗ್ವಾಡಿ ನಮ್ದು, ಬಣ್ಣ ನಮ್ದು, ಮಳಿಗಾಲಕ್ಕ ಸೋರೂದು ನಮ್ದು.
ಕಾಗದ ಮಾತ್ರ ಬ್ಯಾಂಕಿನ ಕಪಾಟಿನ್ಯಾಗ
ಗುರುತಿಲ್ಲದವರ ಮನಿ ಕಾಗದದ ಮ್ಯಾಲ ಮಲಗ್ಯದ.

ಬರಬೇಕಾದದ್ದು ಬರಲಿಲ್ಲ, ಬ್ಯಾಡಾದದ್ದೆಲ್ಲ ಬಂದು ಕುಂತದ:
ಲಗ್ನದಾಗ ಬಂದ ಗ್ವಾಡಿ ಗಡಿಯಾರ ಏಳು,
ಏಳೂ ಬ್ಯಾರೆ ಬ್ಯಾರೆ ಹೊತ್ತಿಗಿ ಸತ್ತಾವ;
ಮೋಟಾರಿಲ್ಲದ ಕೂಲರು, ಕೂಲರಿಲ್ಲದ ಮೋಟಾರು,
ಜಿಪ್ಪಿನ ಹಲ್ಲುದುರಿದ ಸೂಟಕೇಸಿನ್ಯಾಗ
ಇನ್ನೊಂದು ಸೂಟಕೇಸು,
ಅದರಾಗ ಮಗಳ ಎರಡನೇ ಇಯತ್ತೆಯ ಪುಸ್ತಕ.

ಐತವಾರಕ್ಕ ಒಂದು ಸಾಮಾನು ಹೊರಗ. ಇದು ನನ್ನ ನೇಮ.
ಖಾಜಾಮಿಯಾ ಬಂಡಿ ನೂಕ್ಕೋತ ಬರ್ತಾನ,
ಭಂಗಾರ್, ಭಂಗಾರ್ ಅಂತ ಒದರ್ತಾನ.
ಹಳ್ಳಿಂದ ಬಂದ ನಮ್ಮವ್ವ ಬಾಗಿಲಕ್ಕ ಓಡಿ ಕೇಳಿದ್ದಳು:
ತೊಲಿಗಿ ಎಷ್ಟಪಾ?
ಅವ ನಗಲಿಲ್ಲ. ಕಿಲೋಕ್ಕ ಇಪ್ಪತ್ನಾಲ್ಕು, ಅಮ್ಮಾ.

ಬಂದದ್ದು ಉಪ್ಪಿನಕಾಯಿ ಭರಣ್ಯಾಗ ಬೀಳ್ತದ.
ನೋಟಿಗೆಲ್ಲ ಇಂಗಿನ ವಾಸನಿ.
ಐದು ಸಾವಿರ ಕೂಡಿದ ಮ್ಯಾಲ ಬ್ಯಾಂಕಿಗಿ ಒಯ್ತೀನಿ.
ಕಿಡಕಿ ಹಿಂದಿನ ಹುಡುಗಿ ಮೂಗು ಏರಿಸಿ ಕೇಳ್ತಾಳ,
ಬಡ್ಡಿಗೇನ್ರಿ?
ಅಸಲಿಗಿ, ತಂಗಿ. ಅಸಲಿಗಿ ಜಮಾ ಮಾಡು.

ಇನ್ನ ಮನಿ ಮುಂದಿನ ಆ ಒಂಬತ್ತು ಫೂಟು.
ಘಾಳೆಪ್ಪ ಟೇಪು ಹಿಡದು ಅಳದಾನ:
ಇಲ್ಲೊಂದು ಶಟರ್ ಇಳಿಸಿದ್ರ
ತಿಂಗಳಿಗಿ ಎರಡೂವರಿ ಸಾವಿರ ಬಾಡಿಗಿ,
ಮೂರು ವರ್ಷ ಮೊದಲೇ ಸಾಲ ಖಲ್ಲಾಸ.
ಲೆಕ್ಕ ಖರೇ ಅದ.
ದವಾಖಾನಿ ಚೀಟಿ ಹಿಂದ ನಾನೂ ಮಾಡಿ ನೋಡೀನಿ, ಎರಡು ಸಲ.
ಆದ್ರ ಉಳದ ಎಂಟು ವರ್ಷ
ಮುಂಜಾನಿ ಎದ್ದು ಏನು ನೋಡ್ಲಿ? ಶಟರಾ?

ಬೀದರಿನ ನೆಲ ಸುಮ್ಮ ಬಾಯಿ ತೆರಿಯೂದಿಲ್ಲ.
ಕೆಂಪು ಜಂಬಿಟಗಿ; ಹಾರಿ ಹಾಕಿದ್ರ ಠಣ್ ಅಂತ ತಿರುಗಿ ಬೈತದ.
ಒಂದು ಮೊಳ ತೆಗ್ಗಿಗಿ ಮೂರು ಐತವಾರ ಹೋದ್ವು.
ಅದರಾಗ ಸೀತಾಫಲ ಇಟ್ಟೀನಿ, ಕಲ್ಲು ತಿಂದು ಬೆಳಿಯೂ ಜಾತಿ.
ಉಳದದ್ದಕ್ಕೆಲ್ಲ ಭಂಗಾರದೊಳಗೇ ಮಣ್ಣು:
ಕೂಲರಿನ ಟಬ್ಬಿನ್ಯಾಗ ಪುದೀನಾ,
ಮುಚ್ಚಳ ಕಳಕೊಂಡ ಕುಕ್ಕರಿನ್ಯಾಗ ಮೆಣಸಿನ ಸಸಿ.
ಸೂಟಕೇಸು ಮಾತ್ರ ಮೊದಲ ಮಳಿಗೇ ಹೊಟ್ಟಿ ಒಡಕೊಂಡ್ತು.

ಸೋದರತ್ತಿ ಕೊಟ್ಟ ಸ್ಟೀಲ ಡಬರಿ ತಕ್ಕಡಿತನ ಹೋಗಿತ್ತು.
ಅಂಚಿಗಿ ಚುಕ್ಕಿ ಚುಕ್ಕಿ ಕೊರದ ಅಕ್ಷರ:
ಝರೆಮ್ಮ, ಮಲ್ಕಾಪುರ, ಪ್ರೀತಿಯ ಕಾಣಿಕಿ.
ಖಾಜಾಮಿಯಾನೇ ತಿರುಗಿ ಕೊಟ್ಟ.
ಹೆಸರು ತೂಗ್ಲಿಕ್ಕಿ ಬರೂದಿಲ್ಲ, ಬೆಹೆನ್.
ಮೊಳಿ ಹೊಡದು ತಳಕ್ಕ ತೂತು ಮಾಡುವಾಗ
ಅತ್ತಿ ಕಿವಿ ಚುಚ್ಚಿದ್ಹಂಗಾಯ್ತು.
ಈಗ ಅದರ ತುಂಬ ಮೆಂತ್ಯ.

ನಳ ನಾಕು ದಿನಕ್ಕೊಮ್ಮೆ.
ಅಕ್ಕಿ ತೊಳದ ನೀರು, ಅರಬಿ ಕೊನಿಗಿ ಹಿಂಡಿದ ನೀರು
ಹೊತ್ತುಕೊಂಡು ಓಡ್ಯಾಡ್ತೀನಿ.
ಗಿಡಕ್ಕೂ ಕಿಸ್ತದ;
ತಪ್ಪಿದ್ರ ನೋಟೀಸು ಎಲಿ ಮ್ಯಾಲೇ ಬರ್ತದ.

ಶಟರಿನವ ಬರದು ಕೊಟ್ಟ ಅಂದಾಜು ಪಟ್ಟಿ
ಟೀವಿ ಮ್ಯಾಲ ಆರು ತಿಂಗಳಿತ್ತು.
ನಾ ಅದರಾಗ ಹೀರಿಕಾಯಿ ಬೀಜ ಕಟ್ಟಿಟ್ಟೆ.
ಅವ ಹುಡುಕಿದ. ಸಿಕ್ತು. ಏನೂ ಅನಲಿಲ್ಲ.

ನಿನ್ನೆ ರಾತ್ರಿ ಕರೆಂಟು ಹೋದಾಗ
ಹೊರಗ ಚರಗಿ ಸಪ್ಪಳ.
ಪಾಯಕ್ಕ ನೀರಿಳೀತದ,
ಗ್ವಾಡಿಗಿ ಹಚ್ಚಿ ಇಡಬ್ಯಾಡಂತ ಎಷ್ಟು ಸಲ ಹೇಳೂದು
ಅಂತ ಗೊಣಗಿಕೋತ
ಘಾಳೆಪ್ಪ ಝರೆಮ್ಮತ್ತಿನ್ನ ಎರಡೂ ಕೈಲೆ ಎತ್ತಿ
ಆ ಕಡಿ ಸರಿಸಲಿಕತ್ತಿದ್ದ.