ಕಾವು ಕೂರದ ಹಕ್ಕಿ

ಟೇಪು ಹಿಡಿದು ಬಂದ ಹುಡುಗ
ದಿಬ್ಬಕ್ಕೆ ಎರಡು ಸುತ್ತು ಬಂದ.
ಎತ್ತರ ಬರೆದುಕೊಂಡ, ಅಗಲ ಬರೆದುಕೊಂಡ,
ಕಡಲಿಗೆ ಎಷ್ಟು ಹೆಜ್ಜೆ ಅಂತ ಎಣಿಸಿದ.
ಹಕ್ಕಿ ಎಲ್ಲಿ ಅಂದ.

ಅಲ್ಲೇ ಇತ್ತು.
ಕೇದಗೆಯ ಬಿಳಲುಗಳ ನಡುವೆ, ಕಂದು ನೆರಳಿನೊಳಗೆ
ಇನ್ನಷ್ಟು ಕಂದಾದ ನೆರಳು.
ಊರಕೋಳಿಯ ಗಾತ್ರ, ಬೂದಿ ಮೆತ್ತಿದ ತಲೆ,
ತರಚಿದ ಹಾಗೆ ಕೆಂಪು ಕೆನ್ನೆ.
ಕಾಲು ಮಾತ್ರ ಯಾವುದೋ ದೊಡ್ಡ ಹಕ್ಕಿಯಿಂದ
ಸಾಲ ತಂದು, ಹಿಂತಿರುಗಿಸದೆ ಇಟ್ಟುಕೊಂಡದ್ದು.

ಆ ಕಾಲಿಂದಲೇ ಎಲ್ಲ.
ದಿಬ್ಬಕ್ಕೆ ಬೆನ್ನು ಮಾಡಿ ನಿಂತು ಹಿಂದಕ್ಕೆ ಎಸೆಯುತ್ತದೆ
ತರಗೆಲೆ, ಹವಳದ ಪುಡಿ, ಸಿಂಪಿ ಚೂರು, ಕಡ್ಡಿ;
ಇದು ದಣಿದರೆ ಜೊತೆಯದು ಬರುತ್ತದೆ.
ಮಳೆ ಇಳಿದು, ಎಲೆ ಕೊಳೆತು,
ಒಡಲು ಬೆಚ್ಚಗಾದ ಮೇಲೆ
ಮೊಟ್ಟೆಯಿಟ್ಟು, ಮುಚ್ಚಿ, ಹೊರಟುಬಿಡುತ್ತದೆ.
ಕಾವು ಕೂರುವುದು ಕೊಳೆಯುವ ಎಲೆಯ ಪಾಡು.

"ತಾಯಿಯಲ್ಲವಾ ಅದು?" ಹುಡುಗ ನೊಂದುಕೊಂಡ.
ನಾನು ತೋಳನ್ನು ಭುಜದವರೆಗೆ ಒಳಗಿಟ್ಟೆ,
ಜ್ವರದ ಮಗುವಿನ ಕಂಕುಳಿಗೆ ಕೈಯಿಟ್ಟ ಹಾಗೆ.

ಹಳೆಯೂರಿನ ದಿಬ್ಬ ಇದಕ್ಕಿಂತ ದೊಡ್ಡದು.
ಅಜ್ಜಿ ಕೆಜಿಯಾ ಅಲ್ಲಿಂದ ಮೊಟ್ಟೆ ತರುತ್ತಿದ್ದಳು,
ಎರಡು ತೆಗೆದರೆ ಮೂರು ಬಿಟ್ಟು.
ಕಡಲು ಎದ್ದು ಬಂದ ಬೆಳಗ್ಗೆ
ಚರ್ಚು, ಹಂದಿ, ದೋಣಿ, ಅಜ್ಜಿ, ದಿಬ್ಬ,
ಅದು ಎಣಿಸಲಿಲ್ಲ. ಬಿಡಲೂ ಇಲ್ಲ.
ನಮಗೆ ಕ್ಯಾಂಪ್‌ಬೆಲ್ ಬೇಯಲ್ಲಿ ತಗಡಿನ ಶೆಡ್ಡು ಕೊಟ್ಟರು.
ಹಕ್ಕಿಗೆ ಯಾರೂ ಏನೂ ಕೊಡಲಿಲ್ಲ;
ನೂರು ಹೆಜ್ಜೆ ಕಾಡಿನೊಳಕ್ಕೆ ಸರಿದು
ಮತ್ತೆ ಬೆನ್ನು ಮಾಡಿ ನಿಂತಿತು.

ಬೆರಳಿಗೆ ಸಿಕ್ಕಿತು, ಉದ್ದನೆಯ ನುಣುಪು.
ಇವತ್ತಿನ ರಾತ್ರಿಗಾಯಿತು ಅಂದುಕೊಂಡೆ.
ನುಣುಪು ಒದೆಯಿತು.

ಕೈ ಹಿಂದಕ್ಕೆಳೆದೆ. ಮರಳು ಮುಚ್ಚಿದೆ.
ಎರಡು ದಿನ ಕಾದೆವು, ಸೊಳ್ಳೆಗೆ ರಕ್ತ ಕೊಟ್ಟುಕೊಂಡು.
ಮೂರನೆಯ ಬೆಳಗ್ಗೆ ದಿಬ್ಬದ ಪಕ್ಕೆ ಕುಸಿದು
ಮೇಲೆ ಬಂತು ಪೂರ್ತಿ ಗರಿಯ ಮರಿ,
ಕಣ್ಣಲ್ಲಿ ಮರಳು.
ಅವನನ್ನು ನೋಡಲಿಲ್ಲ, ನನ್ನನ್ನು ನೋಡಲಿಲ್ಲ,
ಅಲ್ಲೇ ಕೆದಕುತ್ತಿದ್ದ ಅವ್ವನನ್ನೂ.
ಕೇದಗೆಯೊಳಗೆ ಓಡಿಹೋಯಿತು.
ಅದನ್ನು ಬರೆದುಕೊಳ್ಳಲು
ಹುಡುಗನ ಹಾಳೆಯಲ್ಲಿ ಜಾಗವಿರಲಿಲ್ಲ.

ಶೆಡ್ಡಿಗೆ ಬಂದಾಗ ಅತ್ತೆ ಕೇಳಿದಳು,
"ಮೊಟ್ಟೆ ಎಲ್ಲೇ, ಮಿಲ್ಕಾ?"
"ಓಡಿಹೋಯಿತು" ಅಂದೆ.
ಇನ್ನೂ ನಗುತ್ತಿದ್ದಾಳೆ,
ಹಲ್ಲಿಲ್ಲದ ಬಾಯಿ ತೆರೆದು,
ರೇಷನ್ ಅಕ್ಕಿಯ ಕಲ್ಲು ಆರಿಸುತ್ತ.