ಶೀತಲಗೃಹದ ಗೋಡೆ

ಮೀನು ಕಾರ್ಖಾನೆ ಕೆಡವಿದ ವಾರ
ಗ್ಯಾನೆಟ್ ಕೋವಿನ ಜನ ಕೈಗೆ ಸಿಕ್ಕಿದ್ದು ಹೊತ್ತರು:
ಒಬ್ಬರು ತಗಡು, ಒಬ್ಬರು ತಕ್ಕಡಿ,
ಪಾದ್ರಿಯ ತಮ್ಮ ಗಡಿಯಾರ, ಅದು ನಿಂತು ಎಷ್ಟು ಕಾಲವಾಗಿತ್ತೋ.
ನನ್ನ ಗಂಡ ಹೆಡ್ಲಿ ತಂದದ್ದು
ಶೀತಲಗೃಹದ ಗೋಡೆಯೊಳಗಿನ ಫೋಮು,
ಹನ್ನೊಂದು ಹಲಗೆ, ಬೆನ್ನಿನ ಮೇಲೆ,
ಗಾಳಿಗೆ ತೂರಾಡುತ್ತ.

ಇಪ್ಪತ್ತಾರು ವರ್ಷ ಆ ಗೋಡೆಯ ಬಾಗಿಲು ಕಾದವನು.
"ಚಳಿಯನ್ನು ಒಳಗಿಟ್ಟಿತ್ತು ಇದು," ಅಂದ,
"ನೀರನ್ನು ಹೊರಗಿಡಲಾರದೆ?"
ನಾನು ಒಲೆಯ ಮುಂದಿದ್ದೆ. ಉತ್ತರ ಕೊಡಲಿಲ್ಲ.
ಅವತ್ತೇ ನನ್ನ ಬ್ರೆಡ್ಡು ಕೊಯ್ಯುವ ಚಾಕು ಕಾಣೆಯಾಯಿತು.

ಫೋಮು ಕೊಯ್ದರೆ ಹಲ್ಲು ಜುಮ್ಮೆನ್ನುವ ಸದ್ದು.
ಬಿಳಿ ಕಾಳು ಎಲ್ಲೆಲ್ಲೂ: ಮೀಸೆಯಲ್ಲಿ, ಬೆಕ್ಕಿನ ಕಿವಿಯಲ್ಲಿ,
ಮೀನಿನ ಸೂಪಿನಲ್ಲಿ.
ಮೇ ಬಂತು. ನ್ಯೂಫೌಂಡ್‌ಲ್ಯಾಂಡಿನ ಹಿಮವೆಲ್ಲ ಕರಗಿತು,
ನಮ್ಮ ಅಂಗಳದ್ದು ಕರಗಲಿಲ್ಲ.
ಹೋಗಿಬರುವವರು ಬೇಲಿಗೆ ಆತು ನಿಂತು
"ಏನು ಹೆಡ್ಲಿ, ಕಾಫಿ ಲೋಟದಲ್ಲಿ ಕಡಲಿಗೆ ಹೋಗ್ತೀಯೊ?" ಅಂದರು.
ಅವನು ತಲೆ ಎತ್ತದೆ ಉಜ್ಜಿದ.
ಉಜ್ಜಿ ಉಜ್ಜಿ ಒಂದು ಹೊಟ್ಟೆ ತಂದ, ಒಂದು ಮೂಗು ತಂದ.
ಎಡಗಡೆ ಕೊಂಚ ಉಬ್ಬು. ಇರಲಿ ಬಿಡು, ಅಂದ.

ಆಮೇಲೆ ಆದದ್ದೂ ಹೇಳಬೇಕು.
ಅಗ್ಗಕ್ಕೆ ಸಿಕ್ಕಿತೆಂದು ಯಾವುದೋ ರಾಳ ತಂದು
ಮೂಗಿಗೆ ಬಳಿದ. ಬಳಿದಲ್ಲೇ ಫೋಮು
ಬಿಸಿ ಹಾಲಿಗೆ ಬಿದ್ದ ಸಕ್ಕರೆಯ ಹಾಗೆ
ಸದ್ದಿಲ್ಲದೆ ಕುಸಿಯಿತು.
ನೋಡನೋಡುತ್ತ ತಲೆ ತೂರುವಷ್ಟು ತೂತು.
ಕುಂಚ ಹಿಡಿದೇ ನಿಂತಿದ್ದ,
ಕಾರ್ಖಾನೆ ಮುಚ್ಚಿದ ದಿನ ಬೀಗದ ಕೈ ಹಿಡಿದು ನಿಂತಿದ್ದ ಹಾಗೆ.
ಆವತ್ತು ನಾನು ಏನಾದರೂ ಹೇಳಬೇಕಿತ್ತು, ಹೇಳಿರಲಿಲ್ಲ.
ಈ ಸಲ ಹೇಳಿದೆ: "ಡಬ್ಬಿಯ ಮೇಲೆ ಬರೆದದ್ದು ಓದಲಿಲ್ಲವಾ, ಪೆದ್ದ?"
ಅವನು ನಕ್ಕ. ಎಷ್ಟೋ ದಿನದ ಮೇಲೆ.

ಸರಿಯಾದ ರಾಳ ಅಂಚೆಯಲ್ಲಿ ಬರಲು ಮೂರು ವಾರ.
ಮಗಳ ಮನೆಯ ನೆಲಮಾಳಿಗೆಯಲ್ಲಿ ಉಳಿದಿದ್ದ
ಗುಲಾಬಿ ಬಣ್ಣದ ಫೋಮು ತಂದು ತೂತಿಗೆ ತುಂಬಿದೆವು.
ಐದಕ್ಕೆ ಒಂದು. ಅಳತೆ ನನ್ನದು;
ಹಿಟ್ಟಿಗೆ ಯೀಸ್ಟು ಬೆರೆಸಿದ ಕೈ, ತಪ್ಪುವುದಿಲ್ಲ.
ಕಲಸುತ್ತಿದ್ದಂತೆ ಬಟ್ಟಲು ಕೈಯಲ್ಲೇ ಬಿಸಿಯಾಗುತ್ತದೆ,
ಬೇಗ, ಬೇಗ, ಅನ್ನುತ್ತದೆ.
ಗಾಜಿನ ನಾರಿನ ಬಟ್ಟೆ ಹಾಸಿ ಸುಕ್ಕು ಸವರಿದೆವು.
ರಾಳ ಕುಡಿದಂತೆಲ್ಲ ಬಟ್ಟೆಯ ಬಿಳುಪು ಹೋಗಿ
ಬಟ್ಟೆಯೇ ಹೋಗಿ
ಕೆಳಗಿನ ಗುಲಾಬಿ ತೇಪೆ ಎದ್ದು ಬಂತು.
ಉಳಿದೆಲ್ಲಕ್ಕೂ ಆಮೇಲೆ ಹಸಿರು ಬಳಿದ.
ಅಲ್ಲಿ ಮಾತ್ರ ಬೇಡ ಅಂದೆ. ವಾರ್ನಿಷ್ ಸಾಕು.

ರಾತ್ರಿಯ ಚಳಿಗೆ ರಾಳ ಗಟ್ಟಿಯಾಗದೆ ಹೋದೀತೆಂದು
ನಮ್ಮ ವಿದ್ಯುತ್ ಕಂಬಳಿಯನ್ನು ಅದಕ್ಕೆ ಹೊದಿಸಿ
ನಾವು ಕೋಟು ತೊಟ್ಟು ಮಲಗಿದೆವು,
ಮೊಣಕೈವರೆಗೂ ಗಾಜಿನ ನವೆ,
ಒಬ್ಬರನ್ನೊಬ್ಬರು ಕೆರೆಯುತ್ತ.

ನೀರಿಗಿಳಿಸಿದ ದಿನ ಗಾಳಿ ಇತ್ತು.
ದೋಣಿ ತೇಲಿತು. ತೀರಾ ತೇಲಿತು.
ನೀರನ್ನು ಮುಟ್ಟಲೇ ಮನಸ್ಸಿಲ್ಲವೆಂಬಂತೆ
ಹಗ್ಗದ ತುದಿಯಲ್ಲಿ ಗಿರಗಿರ ತಿರುಗಿತು.
ಬೇಲಿಯ ಜನವೆಲ್ಲ ಈಗ ಕಟ್ಟೆಯ ಮೇಲೆ.
ಹೆಡ್ಲಿ ಇಳಿದು ಕೂತ; ಹಿಂದಕ್ಕೆ ವಾಲಿ ಮೂಗು ಆಕಾಶ ನೋಡಿತು.
ಮುಂದೆ ಕಲ್ಲು ಹಾಕು, ಅಂದರು ಯಾರೋ.
ಅವನು ನನ್ನನ್ನು ನೋಡಿದ.
ನಲವತ್ತು ವರ್ಷದಲ್ಲಿ ಒಮ್ಮೆಯೂ ನನ್ನ ತೂಕ ಕೇಳದ ಗಂಡಸು
ಈಗ ಕೇಳಿದ, ಎಲ್ಲರ ಮುಂದೆ.
ನಾನು ಹೇಳಲಿಲ್ಲ. ಬೂಟು ಕಳಚಿ, ಇಳಿದು, ಮುಂದೆ ಕೂತೆ,
ಗುಲಾಬಿ ತೇಪೆಗೆ ಅಂಗಾಲು ಊರಿ.
ಮೂಗು ತಗ್ಗಿತು.

ಆಚೆ ಇನ್ನೂ ಮಂಜುಗಡ್ಡೆಯ ಚೂರು ತೇಲುತ್ತಿತ್ತು.
ಕಾಲಡಿಗೆ ಚಳಿ ತಾಕಲಿಲ್ಲ.
"ಬೆಚ್ಚಗಿದೆ," ಅಂದೆ.
"ಗೋಡೆಯಲ್ಲವಾ," ಅಂದ, ಹುಟ್ಟು ಹಾಕುತ್ತ.
ಸಂಜೆ ಬ್ರೆಡ್ಡನ್ನು ಕೈಯಲ್ಲೇ ಮುರಿದು ತಿಂದೆವು.