ಗಂಡು ಮುರುಗಲು

ದೇವಿಮನೆ ಘಾಟಿಯ ತಿರುವೊಂದರಲ್ಲಿ ಬಸ್ಸಿಳಿದು
ಕಾಲುದಾರಿಯಲ್ಲಿ ಮುಕ್ಕಾಲು ತಾಸು ಇಳಿಜಾರು.
ಚೀಲದಲ್ಲಿ ಸೊಸೈಟಿಯ ಫಾರಂ, ಎರಡು ಪೆನ್ನು,
ಒಂದು ಬರೆಯುವುದಿಲ್ಲ.

ಬೆಳೆ ಯಾವುದು? ಎಂದೆ.
ಗಣಪಿ ಗೌಡ ಕತ್ತಿಯನ್ನು ಸೊಂಟದ ಕೊಕ್ಕೆಗೆ ಸಿಕ್ಕಿಸಿ
ಹಕ್ಕಲಿನ ಕಡೆ ಗದ್ದ ತಿರುವಿದಳು:
‘ಯಾವ ತಿಂಗಳದ್ದು ಬರ್ಕಂತ್ರಿ?’

ವೈಶಾಖಕ್ಕೆ ಮುರುಗಲು, ಅದರ ಬೆನ್ನಿಗೇ ಹಲಸು.
ಆಷಾಢಕ್ಕೆ ಉಪ್ಪಾಗೆ, ಒಲೆಯ ಮೇಲಿನ ಅಟ್ಟದಲ್ಲಿ
ಹೊಗೆ ಕುಡಿದು ಕುಡಿದು ಕಪ್ಪಾಗುವುದು.
ಮರಗಳ ಸಂದಿಯಲ್ಲಿ ಬಿಸಿಲು ಬಿದ್ದಷ್ಟು ಜಾಗ ರಾಗಿ,
ಬೀಳದಲ್ಲಿ ಅರಿಶಿಣ, ಕೆಸು,
ಉಳಿದದ್ದು ಕಾಡುಹಂದಿಯ ಪಾಲು.
ಫಾರಮ್ಮಿನಲ್ಲಿ ಬೆಳೆಗೆ ಇದ್ದದ್ದು ಅರ್ಧ ಇಂಚು.
‘ಇತರೆ’ ಎಂದು ಬರೆದೆ.

ಎಕರೆಗೆ ಹುಟ್ಟುವಳಿ?
‘ಎಕರೆ ನಂಗೊತ್ತಿಲ್ಲ. ಈ ಬಂಡೆಯಿಂದ ಆ ನಂದಿಮರದ ತನಕ.’
ಸರ್ವೆ ನಂಬರು?
ಅದಕ್ಕೆ ನಕ್ಕಳು.
ಅರ್ಜಿ ಕೊಟ್ಟು ಹನ್ನೆರಡು ವರ್ಷ.
ಚೀಟಿ ಅಕ್ಕಿ ಡಬ್ಬಿಯಲ್ಲಿ, ಹುಳ ಬಾರದಿರಲೆಂದು ಲಕ್ಕಿ ಸೊಪ್ಪಿನ ಜೊತೆ.
ಚೀಟಿಯಲ್ಲಿರುವುದು ಗಂಡನ ಹೆಸರು.

ಆ ವರ್ಷವಷ್ಟೇ ನೆಟ್ಟಿದ್ದಳು ಹದಿನಾಲ್ಕು ಮುರುಗಲು ಸಸಿ,
ಬೀಜದಿಂದ ಎಬ್ಬಿಸಿದವು.
ಇವು ಫಲ ಕೊಡುವುದು?
‘ಏಳು ವರ್ಷಕ್ಕೆ ಹೂ ಬಿಡ್ತವೆ. ಆಗ್ಲೇ ಗೊತ್ತಾಗೂದು
ಯಾವ್ದು ಗಂಡು, ಯಾವ್ದು ಹೆಣ್ಣು ಅಂತ.’
ನಮ್ಮ ಸಾಲದ ಮೊದಲ ಕಂತು ಹನ್ನೊಂದನೆಯ ತಿಂಗಳಿಗೆ.
ಷರಾ ಬರೆದೆ: ಆರ್ಥಿಕವಾಗಿ ಲಾಭದಾಯಕವಲ್ಲ.
ಬರೆಯುವ ಪೆನ್ನು ಆವತ್ತು ಚೆನ್ನಾಗಿ ಬರೆಯಿತು.

ಮತ್ತೆ ಹೋದದ್ದು ಒಂಬತ್ತು ವರ್ಷದ ಮೇಲೆ,
ಹೆಂಗಸರ ಸಂಘದ ಸಿಪ್ಪೆ ತೂಗುವಲ್ಲಿ ಸಾಕ್ಷಿಯಾಗಿ.
ಮೇ ಕೊನೆ. ಎರಡು ಅಡ್ಡಮಳೆ ಬಿದ್ದು
ಕೆಳಗಿನ ಚಾಪೆಯದ್ದೆಲ್ಲ ಬೂಷ್ಟು ಹಿಡಿದಿತ್ತು.
ಹದಿನಾಲ್ಕರಲ್ಲಿ ಎಂಟು ಗಂಡಂತೆ.
ಮನಸ್ಸಿನಲ್ಲೇ ಶೇಕಡಾ ಹಾಕಿ
ನನ್ನ ಷರಾ ಸರಿಯಿತ್ತು ಎಂದುಕೊಳ್ಳುವಷ್ಟರಲ್ಲಿ
ಕಂಡೆ:

ಐದು ಗಂಡುಮರಗಳ ತಲೆ ಹಾರಿಸಿ
ಮೊಂಡಿಗೆ ಹೆಣ್ಣು ಟೊಂಗೆಯ ಕಸಿ.
ಕಟ್ಟಿದ ಹಳೇ ಸೀರೆಯ ಅಂಚು ಇನ್ನೂ ತೊಗಟೆಗೆ ಅಂಟಿಕೊಂಡಿದೆ.
ಎರಡಕ್ಕೆ ಕಾಳುಮೆಣಸು ಹಬ್ಬಿಸಿದ್ದಾಳೆ.
ಇಳಿಜಾರಿನ ನಡುವೆ ಒಂದು ಮಾತ್ರ ಹಾಗೇ ನಿಂತಿದೆ.
ಅದನ್ನೇಕೆ ಬಿಟ್ಟಿರಿ?
‘ಒಂದಾದ್ರೂ ಬೇಕಲ್ರಿ, ಹೂವಿಗೆ’
ಎಂದು ಜಗಲಿಯಲ್ಲಿ ಬೀಡಿ ಕಟ್ಟು ಬಿಚ್ಚುತ್ತಿದ್ದ ಗಂಡನ ಕಡೆ ನೋಡಿದಳು.
ತಕ್ಕಡಿಯ ಸುತ್ತ ಕೂತವರೆಲ್ಲ ನಕ್ಕರು.
ಅವನೂ ನಕ್ಕ, ಕೊಂಚ ತಡವಾಗಿ.

ಅವಳ ಪಾಲಿಗೆ ಒಣಸಿಪ್ಪೆ ನಲವತ್ತೊಂದು ಕೆಜಿ.
ರೇಟು ಕುಮಟೆಯ ವ್ಯಾಪಾರಿ ಫೋನಿನಲ್ಲಿ ಹೇಳಿದ್ದು,
ಸಂಘದವರು ಒಪ್ಪದೆ ಇಟ್ಟದ್ದು.
ಕೂಲಿ ಹಿಡಿದರೆ ಇದೂ ನಷ್ಟವೇ ಇರಬಹುದು.
ಯಾರೂ ಹಿಡಿದಿರಲಿಲ್ಲ.
‘ನೀರು ಹೊತ್ತದ್ದನ್ನೂ ಬರ್ಕಣಿ’ ಎಂದಳು.

ಅದಕ್ಕೆ ಕಾಲಂ ಇಲ್ಲ. ಹಾಳೆಯ ಬೆನ್ನಿಗೆ ಬರೆಯತೊಡಗಿದೆ.
ದಿನಕ್ಕೆ ಹದಿನಾಲ್ಕು ಕೊಡ,
ಮಳೆಗಾಲ ಕಳೆದು ಏಳು ತಿಂಗಳು,
ಮೊದಲ ಮೂರು ವರ್ಷ.
ಗುಣಿಸುವ ಮೊದಲೇ ತಡೆದಳು:

‘ಹದಿನಾಲ್ಕಲ್ಲ, ಇಪ್ಪತ್ತೆಂಟು.
ಏರಿನಲ್ಲಿ ಅರ್ಧ ಕೊಡ ಚೆಲ್ಲಿ ಹೋತದೆ.’